ತಾಜಾ ಏಪ್ರಿಕಾಟ್: ತವಾ, ಓವನ್, ಪಾಕ, ಜಾಮ್, ಗೊಜ್ಜು – ಯಾವ ಹಣ್ಣಿಗೆ ಯಾವ ದಾರಿ?

ಮೇ ಕೊನೆಗೆ ಬೆಂಗಳೂರಿನ ಹಣ್ಣಿನಂಗಡಿಗಳಲ್ಲಿ ಮಾವಿನ ರಾಶಿಯ ಪಕ್ಕದಲ್ಲೇ ಚಿಕ್ಕ ಚಿಕ್ಕ ಡಬ್ಬಿಗಳಲ್ಲಿ ಏಪ್ರಿಕಾಟ್ ಕಾಣಿಸಿಕೊಳ್ಳುತ್ತದೆ. ಮೊದಲು ಬರುವುದು ಹಿಮಾಚಲದ ಹಣ್ಣು. ಸೋಲನ್, ಸಿರ್ಮೌರ್ ಕಡೆಯ ನಡುಬೆಟ್ಟಗಳಲ್ಲಿ ಬೆಳೆಯುವ ನ್ಯೂ ಕ್ಯಾಸಲ್ ತಳಿ ಬೇಗ ಹಣ್ಣಾಗುತ್ತದೆ. ಆಮೇಲೆ ಕಾಶ್ಮೀರದ್ದು. ಲಡಾಖ್‌ನಲ್ಲಿ ಕೊಯ್ಲು ಶುರುವಾಗುವುದೇ ಜುಲೈಯಲ್ಲಿ, ಆಗಸ್ಟ್‌ವರೆಗೂ ನಡೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲೋ ಜರ್ಮನಿಯಲ್ಲೋ ಇರುವ ನಮ್ಮವರಿಗೆ ಜೂನ್, ಜುಲೈ ಪೂರ್ತಿ ಮಾರುಕಟ್ಟೆಯಲ್ಲಿ ಸಿಗುತ್ತದೆ.

ಬಣ್ಣ ನೋಡಿ ಆಸೆಯಿಂದ ತರುತ್ತೇವೆ. ಮನೆಗೆ ಬಂದು ಕಚ್ಚಿದರೆ ಹುಳಿ, ಇಲ್ಲವೇ ಹಿಟ್ಟು ಹಿಟ್ಟು. "ಅಯ್ಯೋ, ಇಷ್ಟೇನಾ ಈ ಹಣ್ಣು" ಎಂದು ಡಬ್ಬಿಯನ್ನು ಫ್ರಿಜ್ಜಿನ ಮೂಲೆಗೆ ತಳ್ಳಿದವರು ತುಂಬಾ ಜನ. ಅದು ಹಣ್ಣಿನ ತಪ್ಪಲ್ಲ. ಮರದಲ್ಲೇ ಕಳಿತ ಏಪ್ರಿಕಾಟ್ ತೀರಾ ಮೆತ್ತಗೆ, ಲಾರಿ ಪ್ರಯಾಣ ತಡೆಯುವುದಿಲ್ಲ. ಅದಕ್ಕೇ ಗಟ್ಟಿಯಿರುವಾಗಲೇ ಕೊಯ್ದು ಕಳಿಸುತ್ತಾರೆ. ಬಾಳೆಕಾಯಿಯಲ್ಲಿ ಪಿಷ್ಟ ಇರುತ್ತದೆ, ಕೊಯ್ದ ಮೇಲೂ ಅದು ಸಕ್ಕರೆಯಾಗುತ್ತಾ ಹೋಗುತ್ತದೆ. ಏಪ್ರಿಕಾಟ್‌ನಲ್ಲಿ ಆ ದಾಸ್ತಾನು ಇಲ್ಲ. ಕೊಯ್ದ ಮೇಲೆ ಮೆತ್ತಗಾಗುತ್ತದೆ, ಪರಿಮಳ ಬರುತ್ತದೆ, ಸಿಹಿ ಮಾತ್ರ ಅಷ್ಟಾಗಿ ಏರುವುದಿಲ್ಲ.

ಆದರೆ ಇದು ಬೆಂಕಿ ಕಂಡ ಮೇಲೆ ಪೂರ್ತಿ ಬದಲಾಗುವ ಹಣ್ಣು. ಹಸಿಯಾಗಿ ಸಪ್ಪೆ ಎನಿಸಿದ ಹಣ್ಣೇ ಐದು ನಿಮಿಷ ಬಿಸಿಯಾದರೆ ಘಮ್ಮೆನ್ನುತ್ತದೆ. ನೀರಿನಂಶ ಹೋಗಿ ರುಚಿ ಗಟ್ಟಿಯಾಗುತ್ತದೆ, ಬಣ್ಣ ಗಾಢವಾಗುತ್ತದೆ. ಇನ್ನೊಂದು ಮಾತು: ಬೇಯಿಸಿದಾಗ ಹುಳಿ ಕಡಿಮೆಯಾಗುವುದಿಲ್ಲ, ಜಾಸ್ತಿ ಎದ್ದು ಕಾಣುತ್ತದೆ. ತಿನ್ನುವಾಗ ಸಿಹಿ ಅನ್ನಿಸಿದ ಹಣ್ಣಿಗೂ ಬೇಯಿಸುವಾಗ ಸ್ವಲ್ಪ ಸಕ್ಕರೆಯೋ ಬೆಲ್ಲವೋ ಬೇಕೇ ಬೇಕು. ಇದು ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ.

ಹಾಗಾದರೆ ಯಾವ ರೀತಿ ಮಾಡುವುದು? ನಾಲಿಗೆ ಏನು ಕೇಳುತ್ತಿದೆ ಎಂದು ನೋಡಿ ಆರಿಸಬೇಡಿ. ಕೈಯಲ್ಲಿರುವ ಹಣ್ಣಿನ ಹದ ನೋಡಿ ಆರಿಸಿ.

ಮೊದಲು ಹದ ನೋಡಿ

ಕೆಂಪು ಛಾಯೆ ನೋಡಿ ಮೋಸ ಹೋಗಬೇಡಿ. ಅದು ಬಿಸಿಲು ಬಿದ್ದ ಕಡೆ ಬರುವ ಬಣ್ಣ, ಹಣ್ಣಾದ ಗುರುತಲ್ಲ. ತೊಟ್ಟಿನ ಸುತ್ತ ನೋಡಿ. ಅಲ್ಲಿ ಹಸಿರು ಇದ್ದರೆ ಇನ್ನೂ ಕಾಯಿ. ಪೂರ್ತಿ ಹಳದಿ ಅಥವಾ ಕಿತ್ತಳೆ ಬಣ್ಣವಾಗಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿದರೆ ಒಂಚೂರು ಬಗ್ಗಿದರೆ ದೋರೆ ದಾಟಿ ಹಣ್ಣಾಗಿದೆ ಎಂದರ್ಥ. ಮೂಗಿನ ಹತ್ತಿರ ಹಿಡಿದರೆ ಪರಿಮಳ ಬರಬೇಕು. ಬರದಿದ್ದರೆ ಒಂದೆರಡು ದಿನ ಕಾಗದದ ಚೀಲದಲ್ಲಿ ಹಾಕಿ ಹೊರಗೇ ಇಡಿ. ಕಾಯಿ ಇರುವಾಗಲೇ ಫ್ರಿಜ್ಜಿಗೆ ಹಾಕಿದರೆ ಒಳಗೆ ಹಿಟ್ಟು ಹಿಟ್ಟಾಗುತ್ತದೆ, ಆಮೇಲೆ ಏನು ಮಾಡಿದರೂ ಸರಿಯಾಗುವುದಿಲ್ಲ. ಕಳಿತ ಮೇಲೆ ಫ್ರಿಜ್ಜಿನಲ್ಲಿಡಬಹುದು, ಎರಡು ಮೂರು ದಿನಕ್ಕೆ ಮುಗಿಸಿಬಿಡಿ.

ಸಿಪ್ಪೆ ತೆಗೆಯುವ ತಲೆನೋವು ಇಲ್ಲ. ಸಿಪ್ಪೆ ತೆಳು, ಬೆಂದರೆ ಹಣ್ಣಿನ ಜೊತೆ ಸೇರಿಹೋಗುತ್ತದೆ. ಹಣ್ಣಿನ ಮೇಲೆ ಒಂದು ಗೆರೆ ಇರುತ್ತದೆ. ಅದರ ಮೇಲೇ ಸುತ್ತಲೂ ಚಾಕು ಆಡಿಸಿ ಎರಡೂ ಭಾಗವನ್ನು ತಿರುಚಿದರೆ ಹೋಳಾಗುತ್ತದೆ, ಬೀಜ ತಾನಾಗಿ ಬಿಡುತ್ತದೆ. ಬೀಜ ಅಂಟಿಕೊಂಡು ಬರದೇ ಹೋದರೆ ಅದೂ ಸಾಮಾನ್ಯವಾಗಿ ಕಾಯಿಯ ಲಕ್ಷಣವೇ. ಆಗ ಸುಮ್ನೆ ಜಗ್ಗಾಡದೆ ಮಾವಿನಕಾಯಿ ಹೆಚ್ಚುವ ಹಾಗೆ ಬೀಜದ ಸುತ್ತ ಹೋಳು ಮಾಡಿ, ಗೊಜ್ಜಿಗೆ ತೆಗೆದಿಡಿ.

ಐದು ನಿಮಿಷ ಇದ್ದರೆ: ತವಾ

ಒಂದೇ ಒಂದು ವಿಧಾನ ಕಲಿಯುತ್ತೇನೆ ಎಂದರೆ ಇದನ್ನೇ ಕಲಿಯಿರಿ ಎನ್ನುತ್ತೇನೆ. ಹಣ್ಣು ದೋರೆ ಇದ್ದರೂ ನಡೆಯುತ್ತದೆ, ಈಗಷ್ಟೇ ಹಣ್ಣಾಗಿದ್ದರೂ ನಡೆಯುತ್ತದೆ.

ನಾಲ್ಕು ಹಣ್ಣು, ಎಂಟು ಹೋಳು. ನಾನ್‌ಸ್ಟಿಕ್ ಅಥವಾ ದಪ್ಪ ತಳದ ಸ್ಟೀಲ್ ಬಾಣಲೆ ಇಡಿ. ಕಬ್ಬಿಣದ ಕಾವಲಿ ಬೇಡ, ಹುಳಿಗೆ ಕಬ್ಬಿಣದ ರುಚಿ ಬಿಟ್ಟುಕೊಳ್ಳುತ್ತದೆ. ಒಂದು ಚಮಚ ತುಪ್ಪ ಬಿಸಿ ಮಾಡಿ, ಹೋಳುಗಳನ್ನು ಕೊಯ್ದ ಮುಖ ಕೆಳಗೆ ಬರುವಂತೆ ಜೋಡಿಸಿ. ಉರಿ ನಡುಹದ. ಇನ್ನು ಎರಡೂವರೆ ನಿಮಿಷ ಮುಟ್ಟಬೇಡಿ. ಅಲ್ಲಾಡಿಸಿದರೆ ರಸ ಬಿಟ್ಟು ಬೇಯತೊಡಗುತ್ತದೆ, ಕೆಂಪಗಾಗುವುದಿಲ್ಲ. ಮೊದಲು ಚಟಪಟ ಸದ್ದು ಬರುತ್ತದೆ, ಆಮೇಲೆ ಅಂಚುಗಳ ಸುತ್ತ ತುಪ್ಪ ನೊರೆಯಾಗುತ್ತದೆ, ಕಡೆಗೆ ಕ್ಯಾರಮೆಲ್ ವಾಸನೆ ಹೊರಡುತ್ತದೆ. ಆಗ ಒಂದು ಹೋಳು ಎತ್ತಿ ನೋಡಿ. ಅಂಚು ಹೊಂಬಣ್ಣಕ್ಕೆ ತಿರುಗಿದ್ದರೆ ಎಲ್ಲವನ್ನೂ ಮಗುಚಿ. ಮೇಲೆ ಎರಡು ಚಮಚ ಬೆಲ್ಲದ ಪುಡಿ, ಒಂದು ಚಿಟಿಕೆ ಏಲಕ್ಕಿ, ಒಂದೇ ಒಂದು ಚಿಟಿಕೆ ಉಪ್ಪು. ಬೆಲ್ಲ ಕರಗಿ ಹಣ್ಣಿನ ರಸದ ಜೊತೆ ಸೇರಿ ಹೊಳೆಯತೊಡಗುವಾಗ ಒಲೆ ಆರಿಸಿ. ಮಗುಚಿದ ಮೇಲೆ ಒಂದು ನಿಮಿಷ ಸಾಕು.

ಗಟ್ಟಿ ಮೊಸರಿನ ಮೇಲೆ ಬಿಸಿಬಿಸಿಯಾಗಿ ಹಾಕಿಕೊಂಡು ತಿನ್ನಿ. ಶ್ರೀಖಂಡದ ಜೊತೆ ಇನ್ನೂ ಚೆನ್ನ. ವೆನಿಲಾ ಐಸ್‌ಕ್ರೀಮ್ ಇದ್ದರೆ ಕೇಳುವುದೇ ಬೇಡ. ಮೇಲೆ ಹುರಿದ ಬಾದಾಮಿ ಚೂರು ಉದುರಿಸಿ. ಬಾದಾಮಿ, ಏಪ್ರಿಕಾಟ್ ಎರಡೂ ಒಂದೇ ಕುಲದ ಮರಗಳು, ಹಾಗಾಗಿ ರುಚಿಯೂ ಒಂದಕ್ಕೊಂದು ಕೂಡಿಬರುತ್ತದೆ.

ತವಾದ ಮಿತಿ ಎಂದರೆ ಪ್ರಮಾಣ. ಎಂಟು ಹತ್ತು ಹೋಳಿಗಿಂತ ಜಾಸ್ತಿ ತುರುಕಿದರೆ ಉಗಿ ಸಿಕ್ಕಿಕೊಂಡು ಮೆತ್ತಗಾಗುತ್ತವೆ. ತೀರಾ ಕಳಿತ ಹಣ್ಣಿಗೂ ಇದು ಆಗದು, ಮಗುಚುವಾಗ ಮುದ್ದೆಯಾಗುತ್ತದೆ.

ಮನೆ ತುಂಬಾ ಜನ ಇದ್ದರೆ: ಓವನ್

ಒಂದು ಕಿಲೋ ಹಣ್ಣು ಇದೆ, ಊಟಕ್ಕೆ ಎಂಟು ಜನ ಇದ್ದಾರೆ ಎಂದರೆ ತವಾ ಮುಂದೆ ನಿಲ್ಲುವುದರಲ್ಲಿ ಅರ್ಥ ಇಲ್ಲ. ಓವನ್ನನ್ನು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ. ಹೋಳುಗಳನ್ನು ಮುಖ ಮೇಲಾಗಿ ಟ್ರೇಯಲ್ಲಿ ಒತ್ತಾಗಿ ಜೋಡಿಸಿ. ಬೀಜ ಇದ್ದ ಕುಳಿಯಲ್ಲಿ ಅರ್ಧರ್ಧ ಚಮಚ ಸಕ್ಕರೆ, ಒಂದು ಚುಕ್ಕೆ ಬೆಣ್ಣೆ. 15ರಿಂದ 20 ನಿಮಿಷ. ಕುಳಿಗಳಲ್ಲಿ ರಸ ತುಂಬಿಕೊಂಡು ಅಂಚು ಅಲ್ಲಲ್ಲಿ ಕಪ್ಪಾಗಿರಬೇಕು. ಏರ್ ಫ್ರೈಯರ್ ಇದ್ದರೆ 180 ಡಿಗ್ರಿಯಲ್ಲಿ ಎಂಟು ಹತ್ತು ನಿಮಿಷಕ್ಕೆ ಆಗುತ್ತದೆ, ಆದರೆ ಅದರಲ್ಲಿ ಹಿಡಿಯುವುದು ತವಾದಷ್ಟೇ. ರಸ ಕೆಳಗೆ ಸೋರಿ ಹೋಗದಂತೆ ಚಿಕ್ಕ ತಟ್ಟೆಯಲ್ಲಿಟ್ಟು ಮಾಡಿ.

ಹೊತ್ತು ಜಾಸ್ತಿ, ಕೆಲಸ ಕಡಿಮೆ. ರುಚಿಯಲ್ಲಿ ತವಾದ ಹಣ್ಣಿಗೆ ತುಪ್ಪದ ಕಂಪು, ಸುಟ್ಟ ಬೆಲ್ಲದ ಒಗರು ಇರುತ್ತದೆ. ಓವನ್‌ನಲ್ಲಿ ಹಣ್ಣಿನದ್ದೇ ರುಚಿ ಮುಂದೆ ನಿಲ್ಲುತ್ತದೆ. ತೀರಾ ಸಪ್ಪೆ ಹಣ್ಣು ಸಿಕ್ಕಿದೆ, ಏನೂ ಮಾಡಲು ತೋಚುತ್ತಿಲ್ಲ ಎನ್ನುವಾಗ ನಾನು ಓವನ್ ಕಡೆಗೇ ಹೋಗುತ್ತೇನೆ. ಒಣ ಶಾಖದಲ್ಲಿ ನೀರು ಇಂಗುವುದರಿಂದ ಸಪ್ಪೆ ಹಣ್ಣಿಗೂ ಒಂದು ಸತ್ವ ಬರುತ್ತದೆ.

ಪಾಕವೋ, ಜಾಮೋ?

ಇವೆರಡನ್ನೂ ಒಂದೇ ಎಂದುಕೊಳ್ಳುವವರಿದ್ದಾರೆ. ಎರಡಕ್ಕೂ ಬೇಕಾದ ಹಣ್ಣು ಬೇರೆ, ಹಿಡಿಯುವ ಹೊತ್ತೂ ಬೇರೆ.

ಪಾಕದಲ್ಲಿ ಬೇಯಿಸುವುದು ಹತ್ತು ನಿಮಿಷದ ಕೆಲಸ. ಅರ್ಧ ಕಿಲೋ ಹಣ್ಣಿಗೆ 100 ಗ್ರಾಂ ಸಕ್ಕರೆ, ಅರ್ಧ ಲೋಟ ನೀರು, ಎರಡು ಜಜ್ಜಿದ ಏಲಕ್ಕಿ. ಸಕ್ಕರೆ ಕರಗಿ ಕುದಿ ಬಂದ ಮೇಲೆ ಹೋಳು ಹಾಕಿ, ಉರಿ ತಗ್ಗಿಸಿ. ಗಟ್ಟಿ ಹಣ್ಣಾದರೆ ಎಂಟು ನಿಮಿಷ, ಮೆತ್ತಗಿನದ್ದಾದರೆ ನಾಲ್ಕೇ ನಿಮಿಷ. ಚಾಕುವಿನ ತುದಿ ಸಲೀಸಾಗಿ ಇಳಿದರೆ ಆಯಿತು. ಇನ್ನೂ ಆಕಾರ ಉಳಿದಿರುವಾಗಲೇ ಇಳಿಸಿ, ಪಾಕದ ಬಿಸಿಯಲ್ಲೇ ಉಳಿದದ್ದು ಬೇಯುತ್ತದೆ. ಕೇಸರಿ ಎಸಳು ಹಾಕುವುದಾದರೆ ಒಲೆ ಆರಿಸಿದ ಮೇಲೆ ಹಾಕಿ. ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ. ಬೆಳಿಗ್ಗೆ ಓಟ್ಸ್‌ಗೋ ಮೊಸರಿಗೋ ಎರಡು ಹೋಳು ಹಾಕಿಕೊಂಡರೆ ತಿಂಡಿ ಮುಗಿಯಿತು. ಉಳಿದ ಪಾಕಕ್ಕೆ ನಿಂಬೆರಸ, ತಣ್ಣೀರು ಸೇರಿಸಿದರೆ ಪಾನಕ.

ಆಸ್ಟ್ರಿಯಾದಲ್ಲಿ ಇದನ್ನೇ ನೀರು ಹಾಕದೆ, ಸಕ್ಕರೆ ಮತ್ತು ನಿಂಬೆ ಹಾಕಿ ಹಣ್ಣು ಬಿಡುವ ರಸದಲ್ಲೇ ಬೇಯಿಸುತ್ತಾರೆ. ಮರಿಲ್ಲನ್‌ರೋಸ್ಟರ್ ಎಂದು ಹೆಸರು. ಡ್ಯಾನ್ಯೂಬ್ ದಂಡೆಯ ವಾಖಾವ್ ಕಣಿವೆಯ ಏಪ್ರಿಕಾಟ್‌ಗೆ ಯುರೋಪಿನಲ್ಲಿ ಮೂಲಸ್ಥಾನದ ರಕ್ಷಣೆಯೇ ಇದೆ, ಅಂದರೆ ಅಲ್ಲಿ ಬೆಳೆದದ್ದಕ್ಕೆ ಮಾತ್ರ ಆ ಹೆಸರು. ಅಲ್ಲಿಯ ಕಡುಬು, ಮರಿಲ್ಲನ್‌ಕ್ನೋಡೆಲ್, ಇನ್ನೂ ಪ್ರಸಿದ್ಧ. ಇಡೀ ಹಣ್ಣಿನ ಬೀಜ ತೆಗೆದು ಆ ಜಾಗದಲ್ಲಿ ಸಕ್ಕರೆ ಗಟ್ಟಿ ಇಟ್ಟು, ಹಿಟ್ಟಿನಲ್ಲಿ ಸುತ್ತಿ ನೀರಿನಲ್ಲಿ ಬೇಯಿಸಿ, ಬೆಣ್ಣೆಯಲ್ಲಿ ಹುರಿದ ಬ್ರೆಡ್ ಪುಡಿಯಲ್ಲಿ ಹೊರಳಿಸುತ್ತಾರೆ. ಬಲು ರುಚಿ, ಆದರೆ ಹಿಟ್ಟು ಕಲಸಿ ಸುತ್ತುವಷ್ಟರಲ್ಲಿ ಅರ್ಧ ದಿನ ಹೋಗುತ್ತದೆ. ಬೇಗ ಆಗುವ ಅಡುಗೆಯ ಪಟ್ಟಿಗೆ ಸೇರದು. ಜರ್ಮನಿ, ಆಸ್ಟ್ರಿಯಾ ಕಡೆ ಇರುವವರು ರಜೆಯ ದಿನಕ್ಕೆ ಇಟ್ಟುಕೊಳ್ಳಿ.

ಇನ್ನು ಜಾಮ್. ಇದಕ್ಕೆ ಕಳಿತ ಹಣ್ಣು, ಜೊತೆಗೆ ನಾಲ್ಕೈದು ದೋರೆ ಹಣ್ಣು ಬೆರೆತಿದ್ದರೆ ಒಳ್ಳೆಯದು. ಜಾಮ್ ಗಟ್ಟಿಯಾಗಿಸುವ ಪೆಕ್ಟಿನ್ ಪೂರಾ ಕಳಿತ ಹಣ್ಣಿಗಿಂತ ದೋರೆಯಲ್ಲಿ ಚೆನ್ನಾಗಿರುತ್ತದೆ. ಅರ್ಧ ಕಿಲೋ ಹಣ್ಣು, 300 ಗ್ರಾಂ ಸಕ್ಕರೆ, ಅರ್ಧ ನಿಂಬೆಯ ರಸ. ಅಗಲ ಬಾಯಿಯ ಪಾತ್ರೆಯೇ ಬೇಕು. ಕುಕ್ಕರಿನಂಥ ಆಳದ ಪಾತ್ರೆಯಲ್ಲಿ ನೀರು ಇಂಗಲು ಒಂದು ಗಂಟೆ ಹಿಡಿಯುತ್ತದೆ, ಅಷ್ಟರಲ್ಲಿ ಬಣ್ಣ ಕಂದಿಹೋಗುತ್ತದೆ. ಅಗಲ ಬಾಣಲೆಯಲ್ಲಿ ಜೋರು ಉರಿಯಲ್ಲಿ 20ರಿಂದ 25 ನಿಮಿಷ ಸಾಕು. ಕೊನೆಯ ಐದು ನಿಮಿಷ ಕೈ ಬಿಡದೆ ತಿರುವಿ, ಈ ಹಣ್ಣು ಬೇಗ ತಳ ಹಿಡಿಯುತ್ತದೆ. ಆಗ ಮುಖಕ್ಕೆ ಸಿಡಿಯುವುದೂ ಉಂಟು, ಉದ್ದ ಹಿಡಿಯ ಸೌಟು ಬಳಸಿ. ಒಂದು ಸ್ಟೀಲ್ ತಟ್ಟೆ ಫ್ರೀಜರಿನಲ್ಲಿಟ್ಟಿರಿ. ಅದರ ಮೇಲೆ ಒಂದು ಹನಿ ಜಾಮ್ ಹಾಕಿ ಬೆರಳಲ್ಲಿ ತಳ್ಳಿದರೆ ಸುಕ್ಕುಗಟ್ಟಬೇಕು. ಥರ್ಮಾಮೀಟರ್ ಇದ್ದವರಿಗೆ 104, 105 ಡಿಗ್ರಿ.

ಸಕ್ಕರೆ ಕಡಿಮೆ ಇರುವ ಈ ಜಾಮ್ ಹೊರಗಿಟ್ಟರೆ ಕೆಡುತ್ತದೆ. ಫ್ರಿಜ್ಜಿನಲ್ಲಿ ಎರಡು ಮೂರು ವಾರ. ಚಪಾತಿಗೆ ಸವರಿ ಸುರುಳಿ ಸುತ್ತಿ ಕೊಟ್ಟರೆ ಮಕ್ಕಳು ಮಾತಿಲ್ಲದೆ ತಿನ್ನುತ್ತಾರೆ.

ಆಯ್ಕೆ ಸುಲಭ. ಹಣ್ಣು ನೋಡಲು ಚೆನ್ನಾಗಿದ್ದರೆ ಪಾಕ. ಮೆತ್ತಗಾಗಿ ಅಲ್ಲಲ್ಲಿ ಪೆಟ್ಟು ಬಿದ್ದಿದ್ದರೆ, ಕಲೆಯಾದ ಭಾಗ ಕತ್ತರಿಸಿ ಜಾಮ್ ಮಾಡಿ. ಬೂಸ್ಟು ಬಂದದ್ದನ್ನು ಮಾತ್ರ ಎಸೆದುಬಿಡಿ, ಬೇಯಿಸಿದರೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ.

ಹುಳಿ ಕಾಯಿ ಸಿಕ್ಕಿದರೆ: ಇಲ್ಲಿ ನಮ್ಮ ಅಡುಗೆ ಗೆಲ್ಲುತ್ತದೆ

ಏಪ್ರಿಕಾಟ್ ಅಡುಗೆ ಎಂದು ಹುಡುಕಿದರೆ ಸಿಗುವುದೆಲ್ಲ ಕೇಕು, ಟಾರ್ಟು, ಪೈ. ಗಟ್ಟಿ, ಹುಳಿ ಹಣ್ಣಿಗೆ ಅವೆಲ್ಲ ಕಡೆಗೆ ಸಕ್ಕರೆ ಸುರಿಯುವ ದಾರಿಗಳು. ಹುಳಿಯನ್ನು ಹುಳಿಯಾಗಿಯೇ ಚೆನ್ನಾಗಿ ಬಳಸುವುದು ನಮಗೆ ಮೊದಲಿನಿಂದಲೂ ಗೊತ್ತು, ಅಲ್ವಾ? ಮಾವಿನಕಾಯಿ, ಅನಾನಸ್, ಅಮಟೆಕಾಯಿ, ಹುಣಸೆ ಎಲ್ಲಕ್ಕೂ ನಮ್ಮಲ್ಲಿ ಒಂದೊಂದು ಅಡುಗೆ ಇದೆ. ಆ ಜಾಗಗಳಲ್ಲೇ ಏಪ್ರಿಕಾಟ್ ಸಲೀಸಾಗಿ ಕೂರುತ್ತದೆ.

ಉಡುಪಿ ಕಡೆಯ ಅನಾನಸ್ ಮೆಣಸ್ಕಾಯಿ, ಅಂದರೆ ಸಿಹಿ ಖಾರದ ಗೊಜ್ಜು, ಗೊತ್ತಿರುವವರಿಗೆ ಇದು ಅರ್ಧ ಗಂಟೆಯೂ ಹಿಡಿಯದ ಕೆಲಸ. ಎಂಟು ಗಟ್ಟಿ ಏಪ್ರಿಕಾಟ್ ತೆಗೆದುಕೊಂಡು ಒಂದೊಂದನ್ನೂ ನಾಲ್ಕು ಹೋಳು ಮಾಡಿ. ಒಂದು ಚಮಚ ಉದ್ದಿನಬೇಳೆ, ಎರಡು ಚಮಚ ಎಳ್ಳು, ಐದಾರು ಬ್ಯಾಡಗಿ ಮೆಣಸಿನಕಾಯಿಯನ್ನು ಸ್ವಲ್ಪ ಎಣ್ಣೆಯಲ್ಲಿ ಘಮ ಬರುವಷ್ಟು ಹುರಿದು, ಅರ್ಧ ಬಟ್ಟಲು ತೆಂಗಿನತುರಿ ಜೊತೆ ನುಣ್ಣಗೆ ರುಬ್ಬಿ. ಅನಾನಸ್‌ಗೆ ಮೊದಲು ಹಣ್ಣನ್ನು ಬೇಯಿಸಿ ಆಮೇಲೆ ಮಸಾಲೆ ಹಾಕುತ್ತೇವೆ. ಇಲ್ಲಿ ಅದನ್ನು ತಿರುಗಿಸಿ. ಮೊದಲು ಮಸಾಲೆಗೆ ನೀರು, ಉಪ್ಪು, ಅರಿಸಿನ, ನಿಂಬೆ ಗಾತ್ರದ ಬೆಲ್ಲ ಹಾಕಿ ಚೆನ್ನಾಗಿ ಕುದಿಸಿ. ಆಮೇಲೆ ಹೋಳು ಹಾಕಿ ನಾಲ್ಕೈದು ನಿಮಿಷ ಬೇಯಿಸಿ, ಅಷ್ಟೇ. ಜಾಸ್ತಿ ಬೆಂದರೆ ಕರಗಿ ಗೊಜ್ಜೇ ಹಣ್ಣಾಗುತ್ತದೆ, ಬಾಯಿಗೆ ಹೋಳು ಸಿಗುವುದಿಲ್ಲ. ಹುಣಸೆಹಣ್ಣು ಹಾಕುವುದೇ ಬೇಡ, ಹಣ್ಣಿನ ಹುಳಿಯೇ ಸಾಕಷ್ಟು. ಹುಳಿ ಕಡಿಮೆ ಎನಿಸಿದರೆ ಕೊನೆಗೆ ನೋಡಿಕೊಂಡು ಸ್ವಲ್ಪ ನಿಂಬೆ ಹಿಂಡಿ. ಸಾಸಿವೆ, ಕರಿಬೇವಿನ ಒಗ್ಗರಣೆ ಕೊಟ್ಟು, ಒಂದು ಗಂಟೆ ಬಿಟ್ಟು ಬಡಿಸಿದರೆ ಹೋಳುಗಳು ಸಿಹಿ, ಖಾರ ಎಲ್ಲವನ್ನೂ ಹೀರಿಕೊಂಡಿರುತ್ತವೆ.

ಅಷ್ಟು ಹೊತ್ತೂ ಇಲ್ಲ ಎನ್ನುವವರಿಗೆ ಚಿತ್ರಾನ್ನ. ಗಟ್ಟಿ ಕಾಯಿಯನ್ನು ತುರಿದು, ಮಾವಿನಕಾಯಿ ಚಿತ್ರಾನ್ನದ ಹಾಗೆ ಒಗ್ಗರಣೆಯಲ್ಲಿ ಎರಡು ನಿಮಿಷ ಬಾಡಿಸಿ ಅನ್ನ ಕಲಸಿ. ಮಾವಿನಕಾಯಿಯಷ್ಟು ಚುರುಕು ಹುಳಿ ಇದರಲ್ಲಿ ಬರುವುದಿಲ್ಲ, ಪರಿಮಳ ಮಾತ್ರ ಬೇರೆಯದೇ. ಹೆಸರುಬೇಳೆ ಕೋಸಂಬರಿಗೂ ಇದೇ ತುರಿ ಹಾಕಬಹುದು. ಒಲೆಯೇ ಬೇಡ. ಮಾವಿನಕಾಯಿ ಸಿಗದ ಊರುಗಳಲ್ಲಿರುವ ನಮ್ಮವರಿಗೆ ಇದು ನಿಜಕ್ಕೂ ಕೈಗೆ ಬರುವ ಉಪಾಯ.

ಗೊಜ್ಜು ಮತ್ತು ಚಿತ್ರಾನ್ನದಲ್ಲಿ ನನ್ನ ಮತ ಗೊಜ್ಜಿಗೇ. ಎಳ್ಳು, ಬೆಲ್ಲ, ಬ್ಯಾಡಗಿ ಮೂರೂ ಈ ಹಣ್ಣಿಗೆ ಹೇಳಿ ಮಾಡಿಸಿದಂತಿವೆ.

ಮಾಂಸಾಹಾರಿಗಳಿಗೆ ಒಂದು ಮಾತು. ಇರಾನ್, ಮೊರಾಕ್ಕೊಗಳಲ್ಲಿ ಕುರಿ, ಕೋಳಿಯ ಜೊತೆ ಏಪ್ರಿಕಾಟ್ ಹಾಕುವುದು ಹಳೆಯ ರೂಢಿ. ಪಾರ್ಸಿಗಳ ಜರ್ದಾಲು (ಏಪ್ರಿಕಾಟ್) ಮಾಂಸದ ಅಡುಗೆಯೂ ಹೆಸರುವಾಸಿ. ಆದರೆ ಅವಕ್ಕೆ ಸಾಮಾನ್ಯವಾಗಿ ಒಣಗಿದ ಹಣ್ಣು ಬಳಸುತ್ತಾರೆ, ಅದು ಗಂಟೆಗಟ್ಟಲೆ ಬೆಂದರೂ ತಡೆಯುತ್ತದೆ. ತಾಜಾ ಹಣ್ಣು ತಡೆಯುವುದಿಲ್ಲ. ಕೋಳಿ ಪೂರ್ತಿ ಬೆಂದ ಮೇಲೆ, ಇಳಿಸುವ ಐದು ನಿಮಿಷ ಮೊದಲು ಹೋಳು ಸೇರಿಸಿ. ಶುಂಠಿ, ಚಕ್ಕೆ, ಕಾಳುಮೆಣಸು ಇದ್ದ ಸಾರಿಗೆ ಚೆನ್ನಾಗಿ ಹೊಂದುತ್ತದೆ. ಹೈದರಾಬಾದಿನ ಖುಬಾನಿ ಕಾ ಮೀಠಾ ಎಂಬ ಏಪ್ರಿಕಾಟ್ ಸಿಹಿ ಕೂಡ ಒಣಹಣ್ಣಿನದ್ದೇ. ತಾಜಾ ಹಣ್ಣಿನಲ್ಲಿ ಮಾಡಲು ಹೋದರೆ ಆ ಅಂಟು, ಆ ಗಾಢ ರುಚಿ ಬರುವುದಿಲ್ಲ.

ಕಳಿತ ಹಣ್ಣೇ ಸಿಕ್ಕಿದರೆ

ಹಾಗೇ ತಿನ್ನಿ. ಒಳ್ಳೆಯ ಕಳಿತ ಏಪ್ರಿಕಾಟ್‌ಗೆ ಯಾವ ಅಡುಗೆಯೂ ಬೇಡ. ಲಡಾಖ್‌ನ ರಕ್ತ್ಸೆ ಕಾರ್ಪೊ ತಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಬೀಜದ ಬಣ್ಣ ಬಿಳಿ, ಹಣ್ಣು ಅಷ್ಟು ಸಿಹಿ. ಬೇಸಿಗೆಯಲ್ಲಿ ಲೇಹ್, ಕಾರ್ಗಿಲ್ ಕಡೆ ಪ್ರವಾಸ ಹೋಗುವವರು ಅಲ್ಲೇ ಕೊಂಡು ಅಲ್ಲೇ ತಿನ್ನಿ. ಊರಿಗೆ ಕಟ್ಟಿಕೊಂಡು ಬರಲು ಒಣಹಣ್ಣು ಸರಿ.

ಕಳಿತದ್ದು ಮಿಕ್ಕಿದರೆ ರುಬ್ಬಿ, ಎರಡು ಚಮಚ ಸಕ್ಕರೆ ಹಾಕಿ ಐದು ನಿಮಿಷ ಕುದಿಸಿ ಇಟ್ಟುಕೊಳ್ಳಿ. ಅನಾನಸ್ ಕೇಸರಿಬಾತ್ ಮಾಡುವಂತೆ ರವೆ ಅರಳಿದ ಮೇಲೆ ಈ ತಿರುಳು ಸೇರಿಸಿದರೆ ಬಣ್ಣದ ಪುಡಿಯೇ ಬೇಡ. ಹಾಲಿನ ಪಾಯಸಕ್ಕೆ ಮಾತ್ರ ಬಿಸಿ ಇರುವಾಗ ಹಾಕಬೇಡಿ. ಹುಳಿಗೆ ಹಾಲು ಒಡೆಯುತ್ತದೆ. ಪಾಯಸವೂ ತಿರುಳೂ ಎರಡೂ ಪೂರ್ತಿ ತಣ್ಣಗಾದ ಮೇಲೆ, ಬಡಿಸುವ ಹೊತ್ತಿಗೆ ಬೆರೆಸಿ.

ಒಬ್ಬರೇ ಇದ್ದೀರಿ, ಹಾಸ್ಟೆಲ್ ಕೋಣೆಯಲ್ಲಿ ಮೈಕ್ರೊವೇವ್ ಒಂದೇ ಇದೆ ಎಂದರೂ ಚಿಂತೆಯಿಲ್ಲ. ಎರಡು ಹಣ್ಣಿನ ಹೋಳು ಬಟ್ಟಲಲ್ಲಿ ಹಾಕಿ, ಒಂದು ಚಮಚ ಸಕ್ಕರೆ ಉದುರಿಸಿ, ಸಡಿಲವಾಗಿ ಮುಚ್ಚಿ ಎರಡು ನಿಮಿಷ ಇಡಿ. ಕೆಂಪಗಾಗುವುದಿಲ್ಲ, ಆದರೆ ಪಾಕದಲ್ಲಿ ಬೇಯಿಸಿದಷ್ಟೇ ಚೆನ್ನಾಗಿರುತ್ತದೆ. ಒಂದು ನಿಮಿಷ ಆರಲು ಬಿಟ್ಟು ತಿನ್ನಿ, ಒಳಗಿನ ರಸ ಬಲು ಬಿಸಿ ಇರುತ್ತದೆ.

ಬೀಜದ ವಿಷಯ

ಗಟ್ಟಿ ಚಿಪ್ಪು ಒಡೆದರೆ ಒಳಗೆ ಬಾದಾಮಿಯಂಥ ತಿರುಳು ಇರುತ್ತದೆ. ಲಡಾಖ್‌ನ ಸಿಹಿ ತಳಿಗಳ ತಿರುಳನ್ನು ಜನ ತಿನ್ನುತ್ತಾರೆ. ಆದರೆ ಅಂಗಡಿಯಿಂದ ತಂದ ಹಣ್ಣಿನ ತಿರುಳು ಸಿಹಿಯೋ ಕಹಿಯೋ ನೋಡಿದರೆ ತಿಳಿಯುವುದಿಲ್ಲ. ಕಹಿ ತಿರುಳಿನಲ್ಲಿ ಅಮಿಗ್ಡಲಿನ್ ಎಂಬ ವಸ್ತು ಇದೆ. ಹೊಟ್ಟೆಗೆ ಹೋದ ಮೇಲೆ ಅದರಿಂದ ಸಯನೈಡ್ ಹುಟ್ಟುತ್ತದೆ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2016ರಲ್ಲಿ ಎಚ್ಚರಿಸಿದ ಪ್ರಕಾರ, ಹಸಿಯಾಗಿ ಮೂರು ಚಿಕ್ಕ ತಿರುಳಿಗಿಂತ ಜಾಸ್ತಿ ತಿಂದರೆ ದೊಡ್ಡವರಿಗೇ ಸುರಕ್ಷಿತ ಮಿತಿ ದಾಟುತ್ತದೆ. ಪುಟ್ಟ ಮಕ್ಕಳಿಗೆ ಒಂದೇ ಒಂದೂ ಅಪಾಯ. ಜಾಮ್‌ಗೆ ಘಮ ಬರಲಿ ಎಂದು ತಿರುಳು ಹಾಕುವ ಪದ್ಧತಿ ಫ್ರಾನ್ಸ್ ಕಡೆ ಇದೆ. ಮನೆಯಲ್ಲಿ ಮಕ್ಕಳಿದ್ದರೆ ಆ ಸಾಹಸ ಬೇಡ. ಅದೇ ಘಮಕ್ಕೆ ಎರಡು ಹನಿ ಬಾದಾಮಿ ಎಸೆನ್ಸ್ ಹಾಕಿ, ಬೀಜಗಳನ್ನು ಒಡೆಯದೆ ಹಾಗೇ ಕಸಕ್ಕೆ ಹಾಕಿಬಿಡಿ.